ಮೂರು ಕಿಲೋ ಕಮ್ಮಿ

12-1-1997

ಪ್ರೀತಿಯ ತಂಗಿ ಗುಂಡುವಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಮನಿ ಆರ್ಡರ್ ಮಂಗಳವಾರ ಕೈ ಸೇರಿತು. ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಕ್ವೈಟ್ ವೆಲ್. ಕಾಲೇಜಿನಲ್ಲಿ ಎರಡು ವರ್ಷ ಬೆಂಚು ಸವೆಸಿದ್ದಕ್ಕೆ ತಲೆಯಲ್ಲಿ ಉಳಿದದ್ದು ಇಂಥ ನಾಲ್ಕು ಸಾಲು. ಆಗಾಗ ಗಾಳಿಗೆ ಹಾಕದಿದ್ದರೆ ಅವೂ ಬೂಷ್ಟು ಹಿಡಿಯುತ್ತವೆ, ಅದಕ್ಕೇ ನಿನ್ನ ಮೇಲೆ ಪ್ರಯೋಗ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನಿನ್ನೆ ಒಂದು ದಿನಸಿ ಅಂಗಡಿಯ ತಕ್ಕಡಿ ರಿಪೇರಿಗೆ ಬಂತು, ಅದಕ್ಕೆ ಮೊದಲೂ ಒಂದು ಬಂದಿತ್ತು. ಪಕ್ಕದ ಛತ್ರಿ ರಿಪೇರಿಯವನು ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಗಿಲಲ್ಲೇ ಕೂತು ಹರಟುತ್ತಾನೆ. "ಮಳೆ ಬಂದ್ರೆ ನಾನು ಬದುಕ್ತೀನಿ, ಜನ ಮೋಸ ಮಾಡಿದ್ರೆ ನೀವು ಬದುಕ್ತೀರಿ. ನಿಮ್ಮದೇ ವಾಸಿ ಬಿಡಿ ಸ್ವಾಮಿ, ಅದಕ್ಕೆ ಸೀಸನ್ ಅಂತ ಇಲ್ಲ" ಅನ್ನುತ್ತಾನೆ.

ನಿನ್ನ ಅತ್ತಿಗೆ ಕೂರುತ್ತಿದ್ದ ಸ್ಟೂಲು ಇದ್ದಲ್ಲೇ ಇದೆ. ಬರುವ ತಿಂಗಳಿಗೆ ಅವಳು ತೀರಿಹೋಗಿ ಎರಡು ವರ್ಷ. ತೂಕದ ಬಟ್ಟುಗಳನ್ನೆಲ್ಲ ಒರೆಸಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುತ್ತಿದ್ದಳಲ್ಲ, ಈಗ ನಾನೇ ಇಡುತ್ತೇನೆ. ನೂರು ಗ್ರಾಮಿನದ್ದು ಎಲ್ಲಿಡಬೇಕು ಅಂತ ಪ್ರತಿ ಸಲ ಮರೆಯುತ್ತೇನೆ. ಅವಳಿದ್ದರೆ "ನಿಮಗೆ ಕಣ್ಣು ಯಾಕೆ ಕೊಟ್ಟ ದೇವರು" ಅನ್ನುತ್ತಿದ್ದಳು. ಅವಳ ಆಸ್ಪತ್ರೆಯ ಬಾಕಿಯ ಕಂತಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಅದು ಅದರ ಪಾಡಿಗೆ ನಡೆದಿದೆ.

ಹೇಳಬೇಕಾದ್ದನ್ನೇ ಮರೆತೆ. ನಿನಗೊಂದು ಪಾರ್ಸೆಲ್ ಕಳಿಸಿದ್ದೇನೆ. ಮನೆಯಲ್ಲೇ ಮೇಲೆ ನಿಂತು ತೂಕ ನೋಡಿಕೊಳ್ಳುವ ಮೆಷಿನ್. ಯಾರೋ ರಿಪೇರಿಗೆ ಕೊಟ್ಟವರು ಮೂರು ವರ್ಷವಾದರೂ ಇತ್ತ ತಲೆ ಹಾಕಲಿಲ್ಲ. ಸಕ್ಕರೆ ಕಾಯಿಲೆಯವರು ತೂಕದ ಮೇಲೆ ಕಣ್ಣಿಟ್ಟಿರಬೇಕು ಅಂತ ನಿನ್ನ ಡಾಕ್ಟರು ಹೇಳಿದ್ದರಲ್ಲ. ಹೊಸ ಸ್ಪ್ರಿಂಗ್ ಹಾಕಿ, ಮುಳ್ಳು ಕೂಡಿಸಿ, ಐದರಿಂದ ಅರವತ್ತು ಕಿಲೋವರೆಗೆ ನನ್ನ ಬಟ್ಟುಗಳನ್ನೇ ಇಟ್ಟು ನೋಡಿದ್ದೇನೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಯುವರ್ಸ್ ಫೇತ್‌ಫುಲ್ಲಿ,
ಅಣ್ಣ


9-2-1997

ಅಣ್ಣನಿಗೆ ಗುಂಡುವಿನ ನಮಸ್ಕಾರ.

ಯಾವ ಲೋಕದಲ್ಲಿ ಅಣ್ಣ ತಂಗಿಗೆ ಯುವರ್ಸ್ ಫೇತ್‌ಫುಲ್ಲಿ ಅಂತ ಬರೆಯುತ್ತಾನೆ? ನನ್ನ ರೂಮಿನಲ್ಲಿರುವ ಟೈಪಿಸ್ಟ್ ಹುಡುಗಿ ನಕ್ಕು ನಕ್ಕು ಸುಸ್ತಾದಳು. ಅದನ್ನು ಬ್ಯಾಂಕಿನವರಿಗೆ ಬರೆಯುತ್ತಾರಂತೆ.

ಮೆಷಿನ್ ಬಂತು. ದಿನಾ ಊರವರ ಪಾರ್ಸೆಲ್‌ಗೆಲ್ಲ ಲೇಬಲ್ ಬರೆಯುವವಳಿಗೆ ಅದೇ ಲಾರಿ ಆಫೀಸಿನ ಗೋಡೌನಿನಲ್ಲಿ ತನ್ನ ಹೆಸರಿನದ್ದೊಂದು ಬಂದರೆ ಎಷ್ಟು ಖುಷಿಯಾಗುತ್ತದೆ ಗೊತ್ತಾ? ನಮ್ಮ ಹಿರಿಯ ಹಮಾಲ ಅಲ್ಲೇ ಬಿಚ್ಚಿಸಿದ. "ನಿಲ್ಲಿ ಅಮ್ಮಾ, ನಿಮ್ಮನ್ನ ಒಬ್ನೇ ಎತ್ತಬೌದಾ, ಇಬ್ರು ಬೇಕಾ ನೋಡ್ಬಿಡೋಣ" ಅಂದ. 58 ತೋರಿಸಿತು. ಹೋದ ವರ್ಷ ಡಾಕ್ಟರ ಹತ್ತಿರ 61 ಇತ್ತು. ದಿನಕ್ಕೆ ಇಪ್ಪತ್ತು ಸಲ ಮಹಡಿ ಹತ್ತಿ ಇಳಿದರೆ ಕರಗದೆ ಇರುತ್ತದೆಯೇ, ಒಳ್ಳೆಯದೇ ಆಯಿತು.

ಇನ್ನೆಷ್ಟು ಕಂತು ಉಳಿದಿದೆ ಅಂತ ಒಂದು ಸಾಲು ಬರೆ. ಅವಸರವೇನಿಲ್ಲ. ತಿಂಗಳ ಖರ್ಚನ್ನು ಹಿಂದೆ ಮುಂದೆ ಮಾಡಿಕೊಳ್ಳಲು ಗೊತ್ತಿದ್ದರೆ ಅನುಕೂಲ.

ಗುಂಡು


16-2-1997

ಪ್ರೀತಿಯ ಗುಂಡುವಿಗೆ ಆಶೀರ್ವಾದಗಳು.

ಯುವರ್ ಲೆಟರ್ ರಿಸೀವ್ಡ್ ಅಂಡ್ ಕಂಟೆಂಟ್ಸ್ ನೋಟೆಡ್. ಟೈಪಿಸ್ಟ್ ಹುಡುಗಿ ನಕ್ಕರೆ ನಗಲಿ, ನಾನು ಇಂಗ್ಲಿಷು ಕಲಿತದ್ದೇ ಅರ್ಜಿ ಬರೆಯಲು. ಅರ್ಜಿಗಳಿಗೆ ಕೆಲಸ ಸಿಗದೆ ತಕ್ಕಡಿ ಹಿಡಿದದ್ದು ಬೇರೆ ಮಾತು.

58 ನೋಡಿ ಹೆದರಬೇಡ. ಅದು ಮೆಷಿನ್ನಿನ ತಪ್ಪು. ಈ ಮಾಡೆಲ್ಲೇ ಹಾಗೆ, ಸ್ಪ್ರಿಂಗ್ ಪ್ರಯಾಣದಲ್ಲಿ ಅಲುಗಾಡಿದರೆ ಎರಡು ಮೂರು ಕಿಲೋ ಕಮ್ಮಿ ತೋರಿಸುತ್ತದೆ. ನಮ್ಮ ಫಿಸಿಕ್ಸ್ ಮೇಷ್ಟರು ಇದಕ್ಕೆ ಝೀರೋ ಎರರ್ ಅನ್ನುತ್ತಿದ್ದರು. ಇನ್ನೊಂದು ಎರರ್ ಆಫ್ ಪ್ಯಾರಲ್ಯಾಕ್ಸ್. ಮೇಲೆ ನಿಂತವರೇ ಬಗ್ಗಿ ಮುಳ್ಳು ಓದಿದರೆ ಕಣ್ಣು ಓರೆಯಾಗುತ್ತದೆ, ಇದ್ದದ್ದು ಇದ್ದ ಹಾಗೆ ಕಾಣುವುದಿಲ್ಲ. ನಿಂತವರೊಬ್ಬರು, ಓದುವವರೊಬ್ಬರು ಇರಬೇಕು. ಎರಡನ್ನೂ ಕೂಡಿಸಿದರೆ ಮೂರು ಕಿಲೋ ಸರಿಹೋಗುತ್ತದೆ. ನೀನು ಅರವತ್ತೊಂದೇ ಇದ್ದೀಯ. ಹುಟ್ಟಿದಾಗಿನಿಂದ ಗುಂಡು, ಈಗೆಲ್ಲಿ ಸಣ್ಣಗಾಗುತ್ತೀಯ!

ಈಗ ದೊಡ್ಡ ಅಂಗಡಿಗಳಲ್ಲಿ ಕರೆಂಟಿನ ತಕ್ಕಡಿ ಬರುತ್ತಿವೆ. ಕೆಂಪು ಅಂಕಿ ಮಿಣಮಿಣ ಅನ್ನುತ್ತದೆ, ಕೆಟ್ಟರೆ ಕಂಪನಿಗೇ ಕಳಿಸುತ್ತಾರೆ. ನಮ್ಮ ಬೀದಿಗೆ ಬರಲು ಇನ್ನೂ ಕಾಲವಿದೆ. ಯಾಕೋ ಬಲಗೈ ಸ್ವಲ್ಪ ನಡುಗುತ್ತದೆ. "ಏನ್ ಸ್ವಾಮಿ, ತಕ್ಕಡಿಗಿಂತ ನಿಮ್ ಕೈನೇ ಜಾಸ್ತಿ ತೂಗ್ತಾ ಇದೆಯಲ್ಲ" ಅಂತ ಛತ್ರಿಯವನು ಕಿಚಾಯಿಸಿದ. ನಿದ್ದೆ ಕಮ್ಮಿಯಾದರೆ ಹಾಗಾಗುತ್ತದಂತೆ.

ಕಂತಿನ ಲೆಕ್ಕ ನಿನಗ್ಯಾಕೆ, ಅದನ್ನೆಲ್ಲ ನೋಡಿಕೊಳ್ಳಲು ನಾನಿಲ್ಲವೇ.

ಯುವರ್ಸ್ ಫೇತ್‌ಫುಲ್ಲಿ (ಬೇಕೆಂದೇ),
ಅಣ್ಣ


20-4-1997

ಅಣ್ಣನಿಗೆ ನಮಸ್ಕಾರ.

ಮಾರ್ಚಿನಲ್ಲಿ ಬರೆಯಲಾಗಲಿಲ್ಲ. ವರ್ಷದ ಕೊನೆ ಅಂತ ಗೋಡೌನಿನಲ್ಲಿ ಓವರ್‌ಟೈಮ್. ಅದಕ್ಕೇ ಈ ಸಲ ಸ್ವಲ್ಪ ಜಾಸ್ತಿ ಕಳಿಸಿದ್ದೇನೆ, ಎರಡು ಕಂತು ಒಟ್ಟಿಗೆ ಕಟ್ಟಿಬಿಡು, ಬೇಗ ಮುಗಿಯಲಿ.

ಮೆಷಿನ್ ಈಗ 54 ತೋರಿಸುತ್ತಿದೆ. ನಿನ್ನ ಮೂರು ಕೂಡಿಸಿದರೆ 57. ಹಮಾಲನಿಗೆ ಅಷ್ಟು ಕೂಡಿಸುವುದೆಲ್ಲ ಗೊತ್ತಿಲ್ಲ. "ಹಿಂಗೇ ಇಳೀತಾ ಹೋದ್ರೆ ನಿಮ್ಮನ್ನ ಬುಕ್ ಮಾಡೋಕೆ ಮಿನಿಮಮ್ ಚಾರ್ಜೇ ಸಾಕಮ್ಮಾ" ಅಂದ. ಟೈಪಿಸ್ಟ್ ಹುಡುಗಿ ಮಾತ್ರ ನಗುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ ನಡಿ ಅಂತ ಭಾನುವಾರವೆಲ್ಲ ಪ್ರಾಣ ತಿಂದಳು. ಕೊನೆಗೆ ನಿನ್ನ ಕಾಗದ ತೆಗೆದು ತೋರಿಸಿದೆ. "ನೋಡು, ನಮ್ಮಣ್ಣ ಮೂವತ್ತು ವರ್ಷ ಇದೇ ಕೆಲ್ಸ ಮಾಡಿರೋನು, ಅವನೇ ಬರೆದಿದಾನೆ, ಮೆಷಿನ್ನೇ ಸರಿ ಇಲ್ಲ ಅಂತ" ಅಂದೆ. ಬಾಯಿ ಮುಚ್ಚಿಕೊಂಡಳು. ನಿನ್ನ ಮೂರು ಕಿಲೋದಿಂದ ನನಗೆ ಡಾಕ್ಟರ ಫೀಸು ಉಳಿಯಿತು.

ಎಡಗಾಲಿನ ಕಿರುಬೆರಳಿಗೆ ಮೂಟೆ ಬಿಗಿಯುವ ತಗಡಿನ ಪಟ್ಟಿ ತಾಗಿ ಸ್ವಲ್ಪ ಕುಯ್ದಿದೆ. ನೋವೇ ಇಲ್ಲ. ರಕ್ತ ಬಂದದ್ದು ಚಪ್ಪಲಿ ಅಂಟಿದ ಮೇಲೆ ಗೊತ್ತಾಯಿತು. ನೀರು ಮಾತ್ರ ಕುಡಿದಷ್ಟೂ ಬೇಕು ಅನ್ನಿಸುತ್ತದೆ, ಬಿಸಿಲು ಜಾಸ್ತಿಯಲ್ಲವೇ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಅದನ್ನು ಯಾವ ಕಾಗದದಲ್ಲೂ ಬರೆದಿಲ್ಲ.

ಗುಂಡು


27-4-1997

(ಇದನ್ನು ಅಂಚೆಗೆ ಹಾಕಲಿಲ್ಲ. ಡ್ರಾಯರಿನಲ್ಲಿ ಆಸ್ಪತ್ರೆಯ ಚೀಟಿಯ ಜೊತೆ ಇಟ್ಟಿದ್ದೇನೆ.)

ಗುಂಡು,

ಮೆಷಿನ್ ಸರಿಯಾಗಿದೆ. ಪಾರ್ಸೆಲ್ ಕಟ್ಟುವಾಗಲೂ ಸರಿಯಾಗಿತ್ತು. 58 ಅಂತ ನೀನು ಬರೆದದ್ದನ್ನು ಓದಿದಾಗಲೇ ನನಗೆ ಗೊತ್ತಾಯಿತು, ಇಳಿದದ್ದು ನೀನೇ ಅಂತ. ನೀನು ಯಾಕೆ ಇಳಿಯುತ್ತಿದ್ದೀಯ ಅಂತ ಯೋಚಿಸಿದ್ದರೆ, ನೀನು ಕಳಿಸುವ ದುಡ್ಡು ಎಲ್ಲಿಂದ ಬರುತ್ತಿದೆ ಅಂತಲೂ ಯೋಚಿಸಬೇಕಿತ್ತು. ಅದಕ್ಕಿಂತ ಸ್ಪ್ರಿಂಗಿನ ಮೇಲೆ ಹಾಕುವುದು ಸುಲಭವಾಯಿತು.

ಆಸ್ಪತ್ರೆಗೆ ಕಟ್ಟಬೇಕಾದ್ದು ಏನೂ ಇಲ್ಲ. ಹೋದ ಅಕ್ಟೋಬರಿನಲ್ಲೇ ಕರೆದು, ಬಡವರ ನಿಧಿಯಿಂದ ಉಳಿದದ್ದನ್ನು ಮಾಫಿ ಮಾಡಿದ್ದೇವೆ ಅಂತ ಚೀಟಿ ಕೊಟ್ಟರು. ಚೀಟಿ ಹಿಡಿದು ಅಂಗಡಿಗೆ ಬಂದರೆ ಕಟ್ಟಡದ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. "ಆರು ತಿಂಗಳ ಬಾಡಿಗೆ ಆಯ್ತು. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ನಿದೀನಿ" ಅಂದರು. ಅವರು ಅತ್ತ ಹೋದರು, ಇತ್ತ ಪೋಸ್ಟ್‌ಮ್ಯಾನ್ ನಿನ್ನ ದುಡ್ಡು ತಂದ. ಇದೊಂದು ತಿಂಗಳು ಅಂದುಕೊಂಡೆ. ನವೆಂಬರಿನಲ್ಲೂ ಹಾಗೇ ಅಂದುಕೊಂಡೆ.

ಅಂಗಡಿಗೆ ವಾರಕ್ಕೊಂದು ತಕ್ಕಡಿ ಬಂದರೆ ಹೆಚ್ಚು. ದಿನಸಿಯವರು ತಮ್ಮದನ್ನು ಎರಡು ಸಲ ವಾಪಸ್ ತಂದರು, ನಾನು ಕೂಡಿಸಿದ ಮುಳ್ಳು ಸರಿಯಿಲ್ಲ ಅಂತ. ಮೂರನೇ ಸಲ ಬರಲಿಲ್ಲ. ಮಾಲೀಕರ ಹೆಜ್ಜೆ ಸಪ್ಪಳ ಕೇಳಿದರೆ ಕೈ ನಡುಗುತ್ತದೆ, ಬೇರೆ ಸಪ್ಪಳಕ್ಕೂ ನಡುಗುತ್ತದೆ. ಸಂಜೆಯ ಊಟ ಬಿಟ್ಟು ಬಹಳ ದಿನವಾಯಿತು. ಆದರೂ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ. ಆ ಸ್ಟೂಲನ್ನು ಎಲ್ಲಿ ಕೊಂಡೊಯ್ದು ಇಡಲಿ? ಬೋರ್ಡು ಇಳಿಸಿದ ಮೇಲೆ ನಾನು ಬೀದಿಯಲ್ಲಿ ಯಾರು?

ಸತ್ತವಳ ಸ್ಟೂಲಿಗೆ ನೆರಳಿರಲಿ ಅಂತ ಬದುಕಿರುವವಳ


29-4-1997

ಪ್ರೀತಿಯ ಗುಂಡುವಿಗೆ ಆಶೀರ್ವಾದಗಳು.

ದುಡ್ಡು ತಲುಪಿತು. ಬಿಸಿಲಿಗೆ ನೀರು ಕುಡಿಯುವುದು ಒಳ್ಳೆಯದೇ. ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟು, ಧೂಳು ಸೇರಿಸಬೇಡ. ಗಾಯ ವಾರದಲ್ಲಿ ಒಣಗದಿದ್ದರೆ ಒಂದು ಸಲ ಡಾಕ್ಟರಿಗೆ ತೋರಿಸಿದರೂ ತಪ್ಪಿಲ್ಲ. ಇಂಥ ಸ್ಪ್ರಿಂಗು ಬೇಸಿಗೆಯಲ್ಲಿ ಇನ್ನಷ್ಟು ಸಡಿಲವಾಗುತ್ತದೆ, ಮೂರರ ಜಾಗದಲ್ಲಿ ನಾಲ್ಕು ಕೂಡಿಸಿಕೊ.

ನನ್ನ ಊಟ ಫಸ್ಟ್ ಕ್ಲಾಸ್. ಛತ್ರಿಯವನು ಮಳೆ ಯಾವಾಗ ಅಂತ ದಿನಾ ಆಕಾಶ ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ.

ಬರೆಯಲು ಬಹಳವಿತ್ತು. ಜಾಗ ಸಾಲದು.

ಅಣ್ಣ


22-6-1997

ಪ್ರೀತಿಯ ಗುಂಡುವಿಗೆ,

ಇದು ಮೂರನೆಯ ಕಾಗದ. ಮೇ ತಿಂಗಳ ಎರಡಕ್ಕೂ ಉತ್ತರವಿಲ್ಲ. ವೈ ದಿಸ್ ಸೈಲೆನ್ಸ್? ನನ್ನ ಮೇಲೆ ಕೋಪವೇ?

ಮನಿ ಆರ್ಡರ್ ಮಾತ್ರ ಹೇಳಿದ ದಿನಕ್ಕೆ ಬಂತು. ಆದರೆ ಫಾರಂ ಮೇಲಿನ ಅಕ್ಷರ ನಿನ್ನದಲ್ಲ. ದುಂಡಗಿನ, ಸ್ಕೂಲಿನ ಹುಡುಗಿಯರು ಬರೆಯುವಂಥ ಅಕ್ಷರ. ಕೆಳಗೆ ನಾಲ್ಕು ಮಾತು ಬರೆಯುವ ಜಾಗವಿರುತ್ತದಲ್ಲ, ನೀನು ಯಾವಾಗಲೂ ಅಲ್ಲಿ "ಊಟ ಮಾಡು" ಅಂತ ಬರೆಯುತ್ತಿದ್ದೆ. ಈ ಸಲ ಅಲ್ಲಿ ಖಾಲಿ. ಪೋಸ್ಟ್‌ಮ್ಯಾನ್ "ಸಹಿ ಹಾಕಿ ಸ್ವಾಮಿ, ಇನ್ನೂ ಹತ್ತು ಮನೆ ಇದೆ" ಅಂದ. ಸಹಿ ಹಾಕಿ ತೆಗೆದುಕೊಂಡೆ. ಸಂಜೆಯೊಳಗೆ ಅದು ಕೈಬಿಟ್ಟೂ ಹೋಯಿತು.

ಕೈಗೆ ಏನಾದರೂ ಆಗಿದೆಯೇ? ಕಾಲಿನ ಗಾಯ ಒಣಗಿತೇ? ಒಂದೇ ಸಾಲು ಬರೆ.

ಅಣ್ಣ


13-7-1997

ಅಣ್ಣನಿಗೆ,

ಮೇ ತಿಂಗಳೆಲ್ಲ ಗೋಡೌನಿನಿಂದ ಬಂದ ಮೇಲೆ ಪೆನ್ನು ಹಿಡಿಯಲೂ ಸುಸ್ತು, ಆಮೇಲೆ ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದೆ. ಈಗ ರೂಮಿಗೆ ಬಂದಿದ್ದೇನೆ. ಎಡಗಾಲಿನ ಕಿರುಬೆರಳು ತೆಗೆದರು. ಗಾಬರಿಯಾಗಬೇಡ, ಗಾಯ ಈಗ ಒಣಗುತ್ತಿದೆ. ಬೆರಳು ಕಪ್ಪಾಗಿತ್ತು, ನಾನು ಗೋಡೌನಿನ ಮಸಿ ಅಂದುಕೊಂಡಿದ್ದೆ. ಒಂದು ದಿನ ಲೇಬಲ್ ಬರೆಯುತ್ತ ಬರೆಯುತ್ತ ಮೇಜಿನ ಮೇಲೆ ಒರಗಿದೆನಂತೆ. ಹಮಾಲ ಎತ್ತಿಕೊಂಡು ಓಡಿದ. ಒಬ್ಬನೇ ಎತ್ತಿದ.

ಡಾಕ್ಟರು ಕೇಳಿದರು, "ಮಾತ್ರೆ ದಿನಕ್ಕೆಷ್ಟು ತಗೋತಾ ಇದ್ರಿ?"

"ಒಂದು."

"ನಾನು ಎರಡು ಬರೆದಿದ್ನಲ್ಲ?"

ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡೆ.

"ತಿಂಗಳ ಮಾತ್ರೆ ಎರಡು ತಿಂಗಳು ಬರಲಿ ಅಂತಾನಾ?" ಅಂದರು. ಬೈಯಲಿಲ್ಲ. ದಿನಾ ಇಂಥವರನ್ನು ನೋಡುತ್ತಾರೆ ಅನ್ನಿಸುತ್ತದೆ. ಮಧ್ಯಾಹ್ನದ ಊಟ ಬಿಟ್ಟದ್ದನ್ನು ಮಾತ್ರ ಟೈಪಿಸ್ಟ್ ಹುಡುಗಿ ಚಾಡಿ ಹೇಳಿದಳು. ಅದಕ್ಕೆ ಬೈದರು. ಜೂನ್ ತಿಂಗಳ ಮನಿ ಆರ್ಡರ್ ಕಳಿಸಿದವಳೂ ಅವಳೇ. ನಾನು ಮಂಚದಿಂದಲೇ ಗೋಗರೆದೆ. ಕಂತು ತಪ್ಪಿದರೆ ನಿನ್ನನ್ನು ಆಸ್ಪತ್ರೆಯವರು ಅವಮಾನ ಮಾಡಿಯಾರು ಅಂತ.

ಇನ್ನೊಂದು ವಿಷಯ. ಮೆಷಿನ್ ಬಂದ ದಿನವೇ ಹಮಾಲ ಅದರ ಮೇಲೆ ಗೋಡೌನಿನ ಇಪ್ಪತ್ತು ಕಿಲೋ ಬಟ್ಟು ಇಟ್ಟು ನೋಡಿದ್ದ. ಸರಿಯಾಗಿ ಇಪ್ಪತ್ತು. ನೀನು ಕಮ್ಮಿ ತೋರಿಸುತ್ತದೆ ಅಂತ ಅಷ್ಟುದ್ದ ಬರೆದೆಯಲ್ಲ, ನಿನ್ನ ಫಿಸಿಕ್ಸ್ ಮೇಷ್ಟರನ್ನೆಲ್ಲ ಎಳೆದು ತಂದು. ಅತ್ತಿಗೆ ಹೋದ ಮೇಲೆ ನೀನು ಅಷ್ಟು ಹುಮ್ಮಸ್ಸಿನಿಂದ ಬರೆದ ಕಾಗದ ಅದೊಂದೇ. ಅಲ್ಲ ಅನ್ನಲು ಮನಸ್ಸಾಗಲಿಲ್ಲ. ನನಗೂ ಡಾಕ್ಟರ ಹತ್ತಿರ ಹೋಗದಿರಲು ಒಂದು ನೆಪ ಬೇಕಿತ್ತು.

ಒಂದು ಕಿರುಬೆರಳು ಎಷ್ಟು ತೂಗುತ್ತದೆ ಅಣ್ಣ? ನಿನಗೆ ಗೊತ್ತಿರಬೇಕು. ತೆಗೆಯುವ ಹಿಂದಿನ ದಿನ 49 ಇದ್ದೆ. ರೂಮಿಗೆ ಬಂದು ನಿಂತರೂ 49.

ಈಗ ಎರಡರ ಜೊತೆ ಇನ್ನೊಂದು ಮಾತ್ರೆ ಬರೆದಿದ್ದಾರೆ. ಸಂಬಳ ಅರ್ಧ ಬಂದಿದೆ. ನಾನು ಲೆಕ್ಕ ಹಾಕಿದ್ದೇನೆ. ಕಂತು ಇನ್ನೆಷ್ಟು ಉಳಿದಿದೆ ಅಂತ ಈ ಸಲವಾದರೂ ಹೇಳು. ಅಷ್ಟು ತಿಂಗಳು ಒಂದೊಂದೇ ನುಂಗುತ್ತ ತಳ್ಳಿಬಿಡುತ್ತೇನೆ, ಆಮೇಲೆ ಪೂರ್ತಿ ಶುರು ಮಾಡುತ್ತೇನೆ. ನೀನು ನೋಡಲು ಬರುವುದು ಬೇಡ, ರೈಲಿನ ಖರ್ಚು ದಂಡ.

ಗುಂಡು


19-7-1997

ಗುಂಡು,

ಒಂದೂ ಉಳಿದಿಲ್ಲ. ಮೊದಲು ಮಾತ್ರೆ ನುಂಗು. ಡಾಕ್ಟರು ಎಷ್ಟು ಬರೆದಿದ್ದಾರೋ ಅಷ್ಟನ್ನೂ ಇವತ್ತೇ ನುಂಗು. ಆಮೇಲೆ ಮುಂದಕ್ಕೆ ಓದು.

ಆಸ್ಪತ್ರೆಯವರು ಹೋದ ಅಕ್ಟೋಬರಿನಲ್ಲೇ ಎಲ್ಲವನ್ನೂ ಮಾಫಿ ಮಾಡಿದ್ದಾರೆ. ಅವರ ಚೀಟಿ ಇದರೊಳಗಿದೆ, ತಾರೀಕು ನೋಡು. ಏಪ್ರಿಲಿನಲ್ಲಿ ಬರೆದು ಕಳಿಸದ ಕಾಗದವೂ ಇದೆ. ಅದರ ಕೊನೆಯ ಸಾಲು ಅರ್ಧಕ್ಕೆ ನಿಂತಿದೆ. ಅವತ್ತು ಆ ಸಾಲು ಮುಗಿಸಿ ಅಂಚೆಗೆ ಹಾಕಿದ್ದರೆ ನಿನ್ನ ಬೆರಳು ಇರುತ್ತಿತ್ತು. ಒಂಬತ್ತು ತಿಂಗಳು ನೀನು ಕಳಿಸಿದ್ದರಲ್ಲಿ ಖಾಲಿ ಅಂಗಡಿಗೆ ಬಾಡಿಗೆ ಕಟ್ಟಿದೆ.

ನಿನ್ನ ಕಾಗದ ಗುರುವಾರ ಬಂತು. ಓದಿ ಎದ್ದು ಮಾಲೀಕರ ಮನೆಗೆ ಹೋಗಿ ಬೀಗದ ಕೈ ಕೊಟ್ಟೆ. "ಇಷ್ಟೇ ವಿಷ್ಯ ಹೋದ ವರ್ಷವೇ ಹೇಳಿದ್ರೆ ಅಡ್ವಾನ್ಸೆಲ್ಲ ವಾಪಸ್ ಕೊಡ್ತಿದ್ನಲ್ಲ" ಅಂದರು. ಅರ್ಧ ಸಿಕ್ಕಿತು. ಬಟ್ಟುಗಳನ್ನು ದಿನಸಿಯವರು ಕೊಂಡರು. ಬೋರ್ಡು ಇಳಿಸುವಾಗ ಛತ್ರಿಯವನು ಏಣಿ ಹಿಡಿದಿದ್ದ, ತಮಾಷೆ ಮಾಡಲಿಲ್ಲ. ಸ್ಟೂಲನ್ನು ಅವನಿಗೇ ಕೊಟ್ಟೆ. ಇಷ್ಟಕ್ಕೆಲ್ಲ ಒಂದು ಮಧ್ಯಾಹ್ನ ಸಾಕಾಯಿತು.

ಬಂದ ದುಡ್ಡೆಲ್ಲ ತರುತ್ತಿದ್ದೇನೆ. ನಿನ್ನ ಒಂಬತ್ತು ತಿಂಗಳಿಗೆ ಅದು ಸಾಲದು. ಆಗಸ್ಟ್ ಮೂರು, ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಬರಬೇಡ ಅಂದರೆ ಸ್ಟೇಷನ್ನಿನಿಂದಲೇ ಹಿಂದಿರುಗುತ್ತೇನೆ, ದುಡ್ಡನ್ನು ಆ ಹಮಾಲನ ಕೈಗೆ ಕೊಟ್ಟು. ನಿನ್ನ ಗೋಡೌನಿನ ಹತ್ತಿರ ಗುಡಿಸುವ ಕೆಲಸ ಸಿಕ್ಕರೂ ಮಾಡುತ್ತೇನೆ. ಕೈ ನಡುಗುವವನು ತಕ್ಕಡಿ ಹಿಡಿಯಬಾರದು, ಪೊರಕೆ ಹಿಡಿಯಬಹುದು.

ಬೆರಳಿನ ತೂಕ ಕೇಳಿದ್ದೀಯ. ಗೊತ್ತಿಲ್ಲ.

ಕೆಳಗೆ ಯುವರ್ಸ್ ಫೇತ್‌ಫುಲ್ಲಿ ಅಂತ ಬರೆಯಲು ಹೋದೆ. ಅದರ ಅರ್ಥ ಏನು ಅಂತ ಇವತ್ತು ನೆನಪಾಯಿತು. ಬರೆಯಲಿಲ್ಲ.

ಅಣ್ಣ


28-7-1997

ಅಣ್ಣನಿಗೆ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ಎರಡು ದಿನ ಅದನ್ನು ದಿಂಬಿನಡಿ ಇಟ್ಟಿದ್ದೆ. ಮೂರನೇ ದಿನ ಟೈಪಿಸ್ಟ್ ಹುಡುಗಿಗೆ ಎಲ್ಲವನ್ನೂ ಓದಿ ಹೇಳಿದೆ. ಅವಳು ನಿನಗೆ ಬೈದಳು. ಅವಳಿಗೆ ನಾನು ಬೈದೆ. ಆಮೇಲೆ ಅವಳು ಬೈದಿದ್ದರಲ್ಲಿ ಬಿಟ್ಟುಹೋದದ್ದನ್ನೆಲ್ಲ ನಾನೇ ಬೈದೆ.

ಕೋಪ ಹೋಗಿಲ್ಲ. ಯಾವಾಗ ಹೋಗುತ್ತದೆ ಅಂತ ನನ್ನನ್ನು ಕೇಳಬೇಡ. ಅಂಗಡಿ ಬೇಕು ಅಂತ ಒಂದು ಮಾತು ಕೇಳಿದ್ದರೆ ಬಹುಶಃ ಕೊಡುತ್ತಿದ್ದೆ. ಅದನ್ನು ನೆನೆದರೆ ಇನ್ನೂ ಕೋಪ ಬರುತ್ತದೆ.

ಮಾತ್ರೆ ಮೂರೂ ನುಂಗುತ್ತಿದ್ದೇನೆ.

ಸ್ಟೇಷನ್ನಿಗೆ ಬರಲು ನನ್ನಿಂದಾಗದು, ಇನ್ನೂ ಗೋಡೆ ಹಿಡಿದೇ ನಡೆಯುತ್ತೇನೆ. ಹಮಾಲ ಬರುತ್ತಾನೆ. ಅವನಿಗೆ ದುಡ್ಡು ಕೊಟ್ಟು ಹಿಂದಿರುಗುವ ನಾಟಕವೆಲ್ಲ ಬೇಡ. ಸಂಜೆಯ ಊಟ ಬಿಟ್ಟಿದ್ದೇನೆ ಅಂತ ಆ ಏಪ್ರಿಲಿನ ಕಾಗದದಲ್ಲಿ ಒಂದು ಸಾಲಿದೆ. ಎರಡು ದಿನದ ನಂತರದ ಕಾಗದದಲ್ಲಿ ಊಟ ಫಸ್ಟ್ ಕ್ಲಾಸ್ ಅಂತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ.

ಬಂದ ಕೂಡಲೇ ಚಪ್ಪಲಿ ಬಿಟ್ಟು ಆ ಮೆಷಿನ್ ಮೇಲೆ ನಿಲ್ಲು. ನೀನು ಬಗ್ಗಬೇಡ. ಮುಳ್ಳು ನಾನು ಓದುತ್ತೇನೆ.

ಗುಂಡು